ಅವ್ವನ ಎಡೆಗೆ ಅಡ್ಡ ಬಂದ ದೆವ್ವದ ಪುಸ್ತಕ

ಪಿತೃಪಕ್ಷದ ಹಬ್ಬ ಹತ್ತಿರ ಬಂದಿತ್ತು. ಅವ್ವ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಅವಳಿಗೆ ಇಡುವ ಮೊದಲ ಎಡೆ ಅದು. ಅಂಥ ಹೊತ್ತಿನಲ್ಲಿ ನನ್ನ ಮಗಳು, ಅಜ್ಜಿಯ ಎಡೆ ತಾನು ಇಡುವುದಿಲ್ಲ ಎಂದುಬಿಟ್ಟಳು.

"ಭಯ ಆಯ್ತದೆ ಅಪ್ಪ."

"ಯಾರ್ ಕಂಡ್ರೆ?"

"ಅಜ್ಜಿ ಕಂಡ್ರೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಪಾಂಡವಪುರದ ಕಡೆ ಸತ್ತವರಿಗೆ ಯಾರು ಹೆದರುತ್ತಾರೆ ಸ್ವಾಮಿ? ವರ್ಷಕ್ಕೊಂದು ಸಲ ಕರೆದು ಊಟ ಹಾಕುತ್ತೇವೆ. ಒಳಕೋಣೆಯಲ್ಲಿ ಕಳಸ ಹೂಡಿ, ಹೊಸ ಬಟ್ಟೆ ಇಟ್ಟು, ಬದುಕಿದ್ದಾಗ ಅವರು ಆಸೆಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಾಳೆಲೆಗೆ ಬಡಿಸುತ್ತೇವೆ. ಧೂಪ ಹಾಕಿ, ಬಾಗಿಲು ಮುಚ್ಚಿ, ಅವರು ಉಂಡು ಹೋಗಲಿ ಎಂದು ಹೊರಗೆ ಕೂರುತ್ತೇವೆ. ಆಮೇಲೇ ನಮ್ಮ ಊಟ. ಅಪ್ಪನ ಎಲೆಯ ಪಕ್ಕದಲ್ಲಿ ಬೀಡಿಕಟ್ಟು ಇರಲೇಬೇಕು. ಒಂದು ವರ್ಷ ನಾನು ಬೆಂಕಿಪೊಟ್ಟಣ ಇಡುವುದನ್ನು ಮರೆತಿದ್ದಕ್ಕೆ ಅವ್ವ ನೆಂಟರ ಮುಂದೆಯೇ ಉಗಿದಿದ್ದಳು: "ನಿಮ್ಮಪ್ಪ ಏನು ಬೀಡೀನ ಅಗ್ದು ತಿಂದನೇನ್ಲಾ?"

ಅಂಥ ಅವ್ವ. ಮಗಳು ಬೆಳೆದದ್ದೇ ಅವಳ ಹಾಸಿಗೆಯಲ್ಲಿ, ಅವಳ ಸೀರೆ ಸೆರಗು ಹೊದ್ದುಕೊಂಡು. "ನಾನ್ ಸತ್ರೆ ನನ್ ಎಡೆ ಈ ಕೂಸೇ ಇಕ್ಬೇಕು. ನೀನ್ ಯಾಪಾರದೋನು ಕಣ್ಲಾ, ತೂಕ ಮಾಡಿ ಇಕ್ತೀಯ," ಎಂದು ಹೇಳಿಯೇ ಸತ್ತಿದ್ದಳು. ಅವಳು ನನ್ನಲ್ಲಿ ಕೇಳಿದ ಕಡೆಯ ಆಸೆ ಅದೊಂದೇ. ಅದು ನಡೆಯಲೇಬೇಕಿತ್ತು.

ಈ ಭಯ ಎಲ್ಲಿಂದ ಬಂತು ಎಂದು ಹುಡುಕಿದರೆ, ದಿಂಬಿನ ಕೆಳಗೆ ಒಂದು ಪುಸ್ತಕ ಸಿಕ್ಕಿತು. ದೆವ್ವದ ಕಥೆಗಳು. ಕಪ್ಪು ರಕ್ಷಾಪುಟ, ಅದರ ಮೇಲೊಂದು ಬೆಳ್ಳನೆಯ ಕೈ. ಕಾಲೇಜಿನ ಗೆಳತಿ ಓದಲು ಕೊಟ್ಟದ್ದಂತೆ. ಹರಿದು ಒಲೆಗೆ ಹಾಕೋಣ ಅನ್ನಿಸಿತು. ಆದರೆ ನಾನು ಬೆಲ್ಲದ ವ್ಯಾಪಾರಿ. ಒಡೆದು ನೋಡದೆ ಸರಕನ್ನು ಬೈಯುವ ಚಾಳಿ ನನಗಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ: ಮೂಟೆಯ ಬಾಯಲ್ಲಿರುವ ಬೆಲ್ಲದ ಅಚ್ಚು ನೋಡಿ ಮರುಳಾಗಬೇಡಿ, ತಳದ ಅಚ್ಚನ್ನು ತೆಗೆಸಿ ಒಡೆಸಿ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದೆ, ಮೊದಲಿನಿಂದ ಓದತೊಡಗಿದೆ.

ಒಂದರಲ್ಲಿ ಬಾವಿಗೆ ಬಿದ್ದ ಹೆಂಗಸು ಹುಣ್ಣಿಮೆಗೊಮ್ಮೆ ಮೇಲೆ ಬರುತ್ತಾಳೆ. ಇನ್ನೊಂದರಲ್ಲಿ ಲಾಡ್ಜಿನ ಕನ್ನಡಿಯೊಳಗೆ ಯಾರೋ ತಲೆ ಬಾಚುತ್ತಾರೆ. ಮತ್ತೊಂದರಲ್ಲಿ ಹುಣಸೆಮರ, ಅದಿಲ್ಲದೆ ಇವರಿಗೆ ನಡೆಯುವುದಿಲ್ಲ. ಹುಣಸೆಮರದಲ್ಲಿ ದೆವ್ವವಿದೆ ಎನ್ನುವವರು ಒಂದು ವರ್ಷ ಮರ ಗುತ್ತಿಗೆ ಹಿಡಿದು ನೋಡಲಿ. ಇರುವುದು ಕೆಂಜಿಗ ಇರುವೆ.

ಕೆ.ಆರ್. ಪೇಟೆಯಲ್ಲಿ ನಾನು ಬೆಲ್ಲ ಹಾಕುವ ಅಂಗಡಿಯವರು ಸಾಬರು, ಹಳೆಯ ಸ್ನೇಹ. ಪುಸ್ತಕ ಕಿತ್ತುಕೊಂಡು ತಿರುಗಿಸಿ ನೋಡಿದರು.

"ಏನ್ ಯಜಮಾನ್ರೇ, ದೆವ್ವದ ಏಜೆನ್ಸಿ ತಕಂಡ್ರಾ?"

"ಸುಮ್ಕಿರಿ ಭಾಯ್, ನನ್ ಒಟ್ಟೆ ಉರೀತಾದೆ."

"ಯಾ ಅಲ್ಲಾ! ನಿಮ್ ರೇಟ್ ಕೇಳೀನೂ ಬದುಕವ್ನಿ ನಾನು. ಇದ್ಯಾವ್ ಲೆಕ್ಕ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಕಡೆಯ ಕಥೆ ಓದಿದ್ದು ವಾಪಸು ಬರುವ ಬಸ್ಸಿನಲ್ಲಿ. ಲಕ್ವ ಹೊಡೆದು ಸತ್ತ ಒಬ್ಬ ಮುದುಕಿ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಜೊಲ್ಲು ಸುರಿಯುತ್ತಿದೆ, ಒಂದು ಕಣ್ಣು ಮುಚ್ಚುವುದಿಲ್ಲ. ಅವಳು ಅಡುಗೆಮನೆಗೆ ಬಂದು ಮೊಮ್ಮಗಳ ಕೈ ಹಿಡಿಯುತ್ತಾಳೆ, ಹಿಡಿದ ಕೈ ಬಿಡುವುದಿಲ್ಲ. ಬರೆದವನು ಕಸುಬುದಾರ, ಇಲ್ಲ ಎನ್ನುವುದಿಲ್ಲ. ಓದುತ್ತ ನಾನೂ ಒಂದು ಸಲ ಹಿಂದಿನ ಸೀಟಿನತ್ತ ತಿರುಗಿ ನೋಡಿದೆ. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು. ಯಾಕೆಂದರೆ ಅವ್ವ ಹೋದದ್ದೂ ಲಕ್ವದಲ್ಲೇ. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಅವಳ ಬಾಯಿ ಒರೆಸಿದ್ದು ನನ್ನ ಮಗಳೇ.

ಮನೆಗೆ ಬಂದವನೇ ಪುಸ್ತಕವನ್ನು ಮಂಚದ ಮೇಲೆ ಎಸೆದೆ. "ಇದ್ನ ಓದಿ ಅಜ್ಜಿಗೇ ಎದ್ರಕಂಡಾ ನೀನು? ನಾಚ್ಕೆ ಆಗಲ್ವಾ?"

ಅವಳು ಅಳಲಿಲ್ಲ. "ಅಜ್ಜಿ ಬತ್ತಾಳೆ ಅಂತ ಭಯ ಅಲ್ಲಪ್ಪ. ಆ ಮಖದಲ್ಲೇ ಬತ್ತಾಳೆ ಅಂತ. ಈ ಕತೆ ಓದ್ದಾಗಿಂದ ಅಜ್ಜಿನ ನೆನೆಸ್ಕಂಡ್ರೆ ಆಸ್ಪತ್ರೆ ಮಖ ಒಂದೇ ಬರೋದು. ಮುಂಚೆದು ಬತ್ತಾನೇ ಇಲ್ಲ."

ಮಗಳ ಮೇಲಿದ್ದ ಸಿಟ್ಟೆಲ್ಲ ಆ ಪುಸ್ತಕ ಬರೆದವನ ಮೇಲೆ ತಿರುಗಿತು. ಒಂದು ಜನ್ಮವಿಡೀ ನಕ್ಕು, ಬೈದು, ಎಲೆಅಡಿಕೆ ಮೆದ್ದ ಮುಖವನ್ನು ಬಿಟ್ಟು, ಕಾಯಿಲೆ ಕೊಟ್ಟ ಕೆಲವು ದಿನದ ಮುಖವನ್ನೇ ಮುದುಕಿಗೆ ಕಾಯಂ ಮಾಡಿದ್ದಾನಲ್ಲ! ಸತ್ತ ಮೇಲೂ ಅವಳಿಗೆ ಲಕ್ವ ಬಿಡಬಾರದೇ? ಇನ್ನೊಂದು. ಆ ಮುದುಕಿ ಬಂದದ್ದು ಎಲ್ಲಿಗೆ? ಅಡುಗೆಮನೆಗೆ. ಅವಳಿಗೆ ಹಸಿವಾಗಿರಬಹುದು ಎಂದು ಬರೆದವನಿಗೆ ಹೊಳೆಯಲೇ ಇಲ್ಲ. "ಏನಜ್ಜಿ, ಉಂಡ್ಯಾ?" ಎಂದು ಆ ಕಥೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಎಲ್ಲರೂ ಕಿರುಚುವವರೇ.

ಮಗಳ ಜೊತೆ ಚೌಕಾಸಿಗೆ ಕುಳಿತೆ. ನನ್ನ ಬದುಕೆಲ್ಲ ನಡೆದಿರುವುದು ಚೌಕಾಸಿಯಲ್ಲಿ. ಲೈಟು ಹಾಕಿರುತ್ತೇನೆ ಎಂದೆ, ಆಗಲ್ಲ ಅಂದಳು. ಬಾಗಿಲಲ್ಲಿ ನಾನೇ ನಿಂತಿರುತ್ತೇನೆ ಎಂದೆ. ಅದಕ್ಕೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ಅಜ್ಜಿಯ ಅಸ್ಥಿ ಬಿಡುವಾಗ ಮಡಕೆ ಹಿಡಿದುಕೊಂಡವಳು ನೀನೇ ಅಲ್ಲವೇ, ಆಗಿಲ್ಲದ ಭಯ ಈಗೇನು ಎಂದೆ. "ಆಗ ಈ ಕತೆ ಓದಿರ್ಲಿಲ್ಲ" ಅಂದಳು. ಒಂದು ಮಾತು ತಿಳಿದುಕೊಳ್ಳಿ: ಏನೂ ಬೇಡ ಎಂದು ಕೂತವರ ಹತ್ತಿರ ಯಾವ ವ್ಯಾಪಾರವೂ ಕುದುರುವುದಿಲ್ಲ.

ಹಬ್ಬದ ಹಿಂದಿನ ದಿನ ನಾಗಮಂಗಲದಿಂದ ಅಕ್ಕ ಬಂದಳು. ವಿಷಯ ಕೇಳಿದವಳೇ ನನ್ನನ್ನೇ ಹಿಡಿದುಕೊಂಡಳು. "ಎಣ್ಮಗೀನ ಎದ್ರುಸಿ ಗದ್ರುಸಿ ಎಡೆ ಇಕ್ಕುಸ್ತೀಯೇನ್ಲಾ? ಅಂಗ್ ಇಕ್ಕುದ್ರೆ ಅವ್ವ ಉಂಡಾಳಾ?"

"ಮತ್ತೇನ್ ಮಾಡ್ಲಿ? ಅವ್ವನ ಮಾತ್ ಬುಟ್ಬುಡ್ಲಾ?"

"ಇಕ್ಕುದ್ರೆ ಇಕ್ತಾಳೆ, ಇಲ್ದಿದ್ರೆ ನಾನ್ ಇಕ್ತೀನಿ. ನಿನ್ ಬಾಯ್ ಒಸಿ ಮುಚ್ಕೋ."

ಹಬ್ಬದ ದಿನ ಬೆಳಗ್ಗೆ ನಾನು ಕಳಸ ಹೂಡಿದೆ. ಅಪ್ಪನ ಎಡೆ ನಾನೇ ಇಟ್ಟೆ. ಕಳಸದ ಮುಂದೆ ಅವ್ವನ ಹೊಸ ಸೀರೆ ಇತ್ತು, ಅವಳ ಎಲೆ ಮಾತ್ರ ಬರಿದಾಗಿತ್ತು. ಅಡುಗೆಮನೆಯಲ್ಲಿ ಅಕ್ಕ ಅವ್ವನ ಪಾಲನ್ನು ತಟ್ಟೆಗೆ ತೋಡುತ್ತಿದ್ದಳು. ಮಗಳು ಬಾಗಿಲಿಗೆ ಒರಗಿ ದೂರದಲ್ಲೇ ನಿಂತಿದ್ದಳು.

"ಅತ್ತೆ, ಬಾಗ್ಲು ಯಾಕ್ ಮುಚ್ಬೇಕು? ತೆಗ್ದೇ ಇದ್ರೆ ಆಗಲ್ವಾ?"

"ನಿಮ್ಮಜ್ಜಿ ಯಾವತ್ತಾದ್ರೂ ನಮ್ ಮುಂದೆ ಕುಂತ್ಕಂಡು ಉಂಡಿದ್ ನೋಡಿದ್ದೀಯೇನಮ್ಮಿ? ಎಲ್ರುಗೂ ಇಕ್ಕಿ, ಒಲೆ ಮುಂದೆ ಗೋಡೆ ಕಡೆ ತಿರಿಕ್ಕಂಡು ಉಣ್ಣೋಳು. ಯಾರಾರ ಬಂದ್ರೆ ತಟ್ಟೆ ಮರೆ ಮಾಡೋಳು. ಆ ನಾಚ್ಕೆ ಸತ್ತೇಟ್ಗೇ ಓಯ್ತದಾ?"

ಹೀಗೆ ಹೇಳುತ್ತಲೇ ಅಕ್ಕ ಸಾರಿನ ಪಾತ್ರೆಯಿಂದ ಒಂದು ದಪ್ಪ ನಲ್ಲಿಮೂಳೆ ಎತ್ತಿ ತಟ್ಟೆಗೆ ಹಾಕಿದಳು.

ಮಗಳು ಬಾಗಿಲು ಬಿಟ್ಟು ಬಂದಳು. "ಅಯ್ಯೋ ಅತ್ತೆ! ಅಜ್ಜಿ ಬಾಯಲ್ಲಿ ಅಲ್ಲು ಎಲ್ಲಿದ್ದೋ? ಮೂಳೆ ಇಕ್ತಿದ್ದೀರಲ್ಲ!"

"ಸತ್ತೋರ್ಗೆ ಅಲ್ಲಿನ್ ಲೆಕ್ಕ ಏನಮ್ಮಿ? ಬುಡು."

"ಬುಡೋದೇನು? ಕೊಡಿ ಇಲ್ಲಿ."

ತಟ್ಟೆ ಕಿತ್ತುಕೊಂಡಳು. ಮೂಳೆಯನ್ನು ಪಾತ್ರೆಗೆ ಹಿಂದಕ್ಕೆ ಹಾಕಿ, ಕೈಮ ಉಂಡೆ ಹುಡುಕಿ ತೆಗೆದಳು. ಅವನ್ನು ಪುಡಿಮಾಡಿ, ಮುದ್ದೆಯನ್ನು ಸಣ್ಣ ಸಣ್ಣ ತುತ್ತಾಗಿ ಮುರಿದು, ಮೇಲೆ ಸಾರು ಬಿಟ್ಟು ನೆನೆಸಿದಳು. "ಇಂಗ್ ಇಕ್ಕುದ್ರೆ ನುಂಗ್ತಿದ್ಲು ಅಜ್ಜಿ. ಯಾರ್ಗೂ ಒಂದೂ ನೆಪ್ಪಿಲ್ಲ," ಎಂದು ನಮ್ಮಿಬ್ಬರನ್ನೂ ಬೈಯುತ್ತ, ತಟ್ಟೆ ಹಿಡಿದು ಕೋಣೆಯೊಳಕ್ಕೆ ಹೋಗಿಯೇಬಿಟ್ಟಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ತೋಳಿಗೆ ಚಿವುಟಿದಳು.

ಬಡಿಸಿದ ಸದ್ದು ಕೇಳಿಸಿತು. ಅವಳು ಹೊರಗೆ ಬಂದು, ಬಾಗಿಲು ತಾನೇ ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ಕುಳಿತಳು. ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡಿದ್ದಳು, ಆದರೆ ಕುಳಿತಲ್ಲಿಂದ ಏಳಲಿಲ್ಲ.

ನಾವು ಕಾದೆವು. ಪ್ರತಿ ವರ್ಷ ಕಾಯುವಷ್ಟು ಹೊತ್ತಾಯಿತು, ಅದೂ ಮೀರಿತು. ಮಸಾಲೆಯ ಘಮಕ್ಕೆ ನನ್ನ ಹೊಟ್ಟೆ ಕೂಗತೊಡಗಿತು. ಅಕ್ಕ ಎದ್ದು ಬಾಗಿಲಿಗೆ ಕೈ ಹಾಕಿದಳು. "ಸಾಕು ತಗಿಯಮ್ಮಿ, ಎಲ್ರೂ ಅಸ್ಕಂಡವ್ರೆ."

ಮಗಳು ಅಲುಗಲಿಲ್ಲ. ಅಕ್ಕನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಇರಿ ಅತ್ತೆ. ಅಜ್ಜಿ ನಿಧಾನ."