ಭಾಂಡುಪ್ ಬೆಟ್ಟದ ಕಡವೆಗಳು

ಆ ವರ್ಷ ಮಳೆ ಹಿಡಿದ ಮೇಲೆ ಭಾಂಡುಪ್‌ನ ಹಿಂದಿನ ಬೆಟ್ಟದಲ್ಲಿ ಕಡವೆಗಳು ಸಾಯತೊಡಗಿದವು. ಎಂಬತ್ತರ ದಶಕದ ನಡುವಿನ ಮಾತು. ನಾನು ಆಗ ಮುಂಬಯಿಯ ಪಶುವೈದ್ಯ ಕಾಲೇಜಿನ ಪ್ರಯೋಗಾಲಯದಲ್ಲಿದ್ದೆ. ಸತ್ತ ಪ್ರಾಣಿಯನ್ನು ಕೊಯ್ದು ನೋಡಿ ಸಾವಿನ ಕಾರಣ ಹೇಳುವುದು ನನ್ನ ಕೆಲಸ. ನನ್ನ ಮೇಜಿಗೆ ಬರುತ್ತಿದ್ದದ್ದು ಹೆಚ್ಚಾಗಿ ಕೋಳಿ, ಕುರಿ, ಎಮ್ಮೆ, ಅಪರೂಪಕ್ಕೆ ಯಾರದೋ ಸಾಕುನಾಯಿ. ಕಾಡುಪ್ರಾಣಿಯನ್ನು ಮುಟ್ಟಿಯೂ ಇರಲಿಲ್ಲ. ಅರಣ್ಯಾಧಿಕಾರಿಯೊಬ್ಬರು ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡಾಗ, ಉಳಿದವರು ರಜೆಯಲ್ಲೋ ಪರೀಕ್ಷೆಯ ಗಡಿಬಿಡಿಯಲ್ಲೋ ಇದ್ದುದರಿಂದ ನಾನು ಹೊರಟೆ.

ವಿಲೆ ಪಾರ್ಲೆಯಲ್ಲಿ ನಮ್ಮ ಮನೆ. ಅಲ್ಲಿಂದ ಲೋಕಲ್ ಹಿಡಿದು ದಾದರ್‌ಗೆ ಬಂದು, ಸೇತುವೆ ದಾಟಿ, ಸೆಂಟ್ರಲ್ ಲೈನಿನ ಗಾಡಿ ಹತ್ತಿ ಭಾಂಡುಪ್‌ನಲ್ಲಿ ಇಳಿಯಬೇಕು. ಎರಡು ರೈಲು ಮಾರ್ಗಗಳ ನಡುವೆ ಅದು ಹೇಗೋ ಉಳಿದುಕೊಂಡಿದ್ದ ಕಾಡು. ಒಂದು ಕಡೆ ಕಾರ್ಖಾನೆ, ಒಂದು ಕಡೆ ಬಿಲ್ಡಿಂಗು, ಇಳಿಜಾರಿನುದ್ದಕ್ಕೂ ಜೋಪಡಿ. ಒಳಗಿದ್ದ ಕಡವೆಗಳಿಗೆ ಬೇರೆಲ್ಲಿಗೂ ಹೋಗುವ ದಾರಿಯಿರಲಿಲ್ಲ. ಆ ಬೆಟ್ಟದಲ್ಲಿ ಉಳಿದಿರುವುದು ಒಂದೇ ಹಿಂಡು, ಅದೂ ಹೋದರೆ ಮುಗಿಯಿತು ಎಂದು ಅಧಿಕಾರಿ ದಾರಿಯುದ್ದಕ್ಕೂ ಹೇಳುತ್ತ ನಡೆದರು.

ಅವರು ನಾಸಿಕದ ಕಡೆಯವರು, ಮಾತು ಒರಟು. ಇದು ವಿಷವೇ ಎಂದು ಆಗಲೇ ನಿಶ್ಚಯಿಸಿಕೊಂಡಿದ್ದರು. ಕಾಡಿನ ಸಂದಿಗೊಂದಿಗಳಲ್ಲಿ ಕಳ್ಳಭಟ್ಟಿ ಕಾಯಿಸುವವರನ್ನು ಬೇಸಿಗೆಯಲ್ಲಿ ಅವರು ಓಡಿಸಿದ್ದರಂತೆ. ಆ ಸಿಟ್ಟಿಗೆ ಹಳ್ಳಕ್ಕೆ ಏನೋ ಸುರಿದಿದ್ದಾರೆ ಎಂಬುದು ಅವರ ಅನುಮಾನ. ವಿಷವಾದರೆ ಹಿಡಿಯಲು ಒಬ್ಬ ಮನುಷ್ಯನಾದರೂ ಸಿಗುತ್ತಾನಲ್ಲ ಎಂಬ ಆಸೆಯೂ ಅವರ ದನಿಯಲ್ಲಿತ್ತು.

ಹಳ್ಳದ ದಂಡೆಯಲ್ಲಿ ಹೆಣ್ಣು ಕಡವೆಯೊಂದು ಮಗ್ಗುಲಾಗಿ ಬಿದ್ದಿತ್ತು. ಸಣ್ಣ ಕುದುರೆಯಷ್ಟು ಎತ್ತರದ ಜಿಂಕೆ ಅದು. ಮಳೆಯಲ್ಲಿ ತೊಯ್ದು ಮೈಯೆಲ್ಲ ಕಪ್ಪಾಗಿ ಕಾಣುತ್ತಿತ್ತು. ನಾಲಿಗೆ ಹೊರಗೆ ಬಂದಿತ್ತು, ಮೂಗಿನ ಬಳಿ ನೊರೆ, ಗಂಟಲು ದಪ್ಪಗೆ ಊದಿತ್ತು. ಸ್ವಲ್ಪ ಮೇಲೆ ಇನ್ನೊಂದು. ಅದರ ಪಕ್ಕದಲ್ಲೇ ಅದರ ಮರಿ. ಕೊಯ್ಯುವ ಮೊದಲು ಕಿವಿಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಮೇಲೆ ಸವರಿ, ಕೊಡೆಯ ಕೆಳಗೆ ಒಣಗಿಸಿ ಬಣ್ಣ ಹಾಕಿ, ಜೊತೆಗೆ ತಂದಿದ್ದ ಸಣ್ಣ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮನುಷ್ಯರಿಗೂ ಅಂಟುವ ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿದ್ದರೆ ಹೊಟ್ಟೆ ಸೀಳುವುದೇ ಅಪಾಯ. ಅದರ ಗುರುತು ಕಾಣಲಿಲ್ಲ. ಕೊಯ್ದೆ. ಹೃದಯದ ಮೇಲೆಲ್ಲ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳಿದ್ದವು. ಗಂಟಲಿನ ಚರ್ಮದಡಿ ಹಳದಿ ನೀರು ತುಂಬಿತ್ತು. ಇದು ವಿಷದಂತೆ ಕಾಣುವುದಿಲ್ಲ ಎಂದೆ. ಅಧಿಕಾರಿ ಮುಖ ತಿರುಗಿಸಿದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರು ಮೈಸೂರಿನ ಅಗ್ರಹಾರದಲ್ಲಿ ಬೆಳೆದವರು. ಸೊಸೆ ಡಾಕ್ಟರು ಎಂದು ಬಿಲ್ಡಿಂಗಿನವರಿಗೆಲ್ಲ ಹೇಳುತ್ತಿದ್ದರೇ ಹೊರತು ಯಾರ ಡಾಕ್ಟರು ಎಂದು ಹೇಳುತ್ತಿರಲಿಲ್ಲ. "ಸ್ನಾನ ಆಗೋವರೆಗೂ ಅಡುಗೆಮನೆ ಕಡೆ ಬರಬೇಡಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರು. ಊಟಕ್ಕೆ ಕೂತಾಗ ಏನಾಗಿತ್ತು ಎಂದು ನನ್ನ ಗಂಡ ಕೇಳಿದರು. ತಾಯಿ ಮರಿ ಒಟ್ಟಿಗೆ ಬಿದ್ದಿದ್ದನ್ನು ಹೇಳಿದೆ. ಅತ್ತೆ ಬಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿಸಿಕೊಂಡರು. ಮರುದಿನದಿಂದ ನಾನು ಬರುವ ಹೊತ್ತಿಗೆ ಬಚ್ಚಲಲ್ಲಿ ಬಿಸಿನೀರು ಸಿದ್ಧವಾಗಿರುತ್ತಿತ್ತು.

ಇದು ರೋಗವೇ ಎಂಬ ನನ್ನ ಮಾತಿಗೆ ಪ್ರಯೋಗಾಲಯದಲ್ಲಿ ಪುರಾವೆ ಸಿಗಲಿಲ್ಲ. ಮಳೆಗಾಲದ ಹೆಣ ಬೇಗ ಕೊಳೆಯುತ್ತದೆ. ನಾನು ತಂದ ಮಾಂಸದ ತುಣುಕುಗಳಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳೇ ದಟ್ಟವಾಗಿ ಬೆಳೆದು ಬೇರೇನೂ ಕಾಣದಂತಾಯಿತು. ಹೊಟ್ಟೆಯೊಳಗಿನದನ್ನು ವಿಷದ ಪರೀಕ್ಷೆಗೆ ಕಳಿಸಿದ್ದೆವು, ಅಲ್ಲಿಂದಲೂ ಏನೂ ಸಿಗಲಿಲ್ಲ. ಮುಖ್ಯಸ್ಥರು ನಿವೃತ್ತಿಗೆ ಹತ್ತಿರವಿದ್ದ ಪುಣೆಯ ಹಿರಿಯರು, ಶಾಂತ ಸ್ವಭಾವ. ಅನುಮಾನವನ್ನು ವರದಿಯಲ್ಲಿ ಬರೆಯಲಾಗದು, ರೋಗಾಣುವನ್ನು ತೋರಿಸು ಎಂದರು. ಅಷ್ಟರಲ್ಲಿ ಬೆಟ್ಟದಿಂದ ಮತ್ತೆ ಮತ್ತೆ ಸುದ್ದಿ ಬರುತ್ತಿತ್ತು. ರಾತ್ರಿ ಹಾಸಿಗೆಯಲ್ಲಿ ಮಳೆಯ ಸದ್ದು ಕೇಳಿದರೆ ನನಗೆ ಆ ಹಳ್ಳವೇ ಕಣ್ಣಮುಂದೆ ಬರುತ್ತಿತ್ತು.

ಹೆಣ ಎಷ್ಟೇ ಕೊಳೆತರೂ ಉದ್ದನೆಯ ಮೂಳೆಯ ಒಳಗಿನ ಮಜ್ಜೆ ಕೆಲವು ಕಾಲ ಶುದ್ಧವಾಗಿರುತ್ತದೆ ಎಂದು ಓದುವಾಗ ನಮಗೆ ಹೇಳಿಕೊಟ್ಟಿದ್ದರು. ಅದು ನೆನಪಾದದ್ದೇ ತಡ, ಮುಂದಿನ ಕಡವೆ ಬಿದ್ದ ಸುದ್ದಿ ಬರುತ್ತಲೇ ಹೋಗಿ ತೊಡೆಯ ಮೂಳೆಯನ್ನು ಇಡಿಯಾಗಿ ಬಿಡಿಸಿಕೊಂಡೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಅಂದು ಅರಣ್ಯ ಇಲಾಖೆಯ ಜೀಪು ಕೆಟ್ಟಿತ್ತು, ಲೋಕಲ್ಲೇ ಗತಿ. ಆ ವಾಸನೆ ಹೊತ್ತು ಲೇಡೀಸ್ ಡಬ್ಬಿಗೆ ಹತ್ತುವ ಧೈರ್ಯವಾಗದೆ, ಮೀನು ಮಾರುವ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂರುವ ಲಗೇಜ್ ಡಬ್ಬಿಗೆ ಹತ್ತಿದೆ. ಮೂಗಿಗೆ ದೊಡ್ಡ ನತ್ತು ತೊಟ್ಟ ಒಬ್ಬಾಕೆ ಚೀಲದಲ್ಲಿ ಏನು ಎಂದು ಮರಾಠಿಯಲ್ಲಿ ಕೇಳಿದಳು. ಸತ್ತ ಜಿಂಕೆಯ ಮೂಳೆ, ಯಾಕೆ ಸತ್ತಿತು ಎಂದು ನೋಡಬೇಕು ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತನ್ನ ಬುಟ್ಟಿಯನ್ನು ಪಕ್ಕಕ್ಕೆ ಜರುಗಿಸಿ "ಬಸ್ ಗ" ಎಂದು, ಕೂತುಕೋ ಎಂಬಂತೆ ನೆಲ ತಟ್ಟಿದಳು. ದಾದರ್‌ವರೆಗೂ ನಾವಿಬ್ಬರೂ ಮಂಡಿಗೆ ಮಂಡಿ ತಾಗಿಸಿ ಕೂತಿದ್ದೆವು.

ಮಜ್ಜೆಯಲ್ಲಿ ಒಂದೇ ಬಗೆಯ ರೋಗಾಣು ಬೆಳೆಯಿತು. ಬಣ್ಣ ಹಾಕಿದಾಗ ಎರಡೂ ತುದಿ ಗಾಢವಾಗಿ ನಡುವೆ ತಿಳಿಯಾಗಿ ಕಾಣುವ ಪುಟ್ಟ ಕಡ್ಡಿಗಳು. ಮುಖ್ಯಸ್ಥರು ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಘಟಸರ್ಪ" ಎಂದು ಮರಾಠಿಯಲ್ಲಿ ರೋಗದ ಹೆಸರು ಹೇಳಿದರು. ನಮ್ಮ ಕಡೆ ಅದನ್ನೇ ಗಳಲೆ ರೋಗ ಎನ್ನುವುದು. ದನ ಎಮ್ಮೆಗಳನ್ನು ಮಳೆಗಾಲದಲ್ಲಿ ಒಂದೇ ದಿನದಲ್ಲಿ ಕೆಡಹುವ ಕಾಯಿಲೆ. ನನಗೆ ಖುಷಿಯಾಯಿತೋ ದುಃಖವಾಯಿತೋ ಹೇಳಲಾರೆ. ಕಾಡಿನ ಕಡವೆಯನ್ನು ಹಿಡಿದು ಸೂಜಿ ಹಾಕಲು ಸಾಧ್ಯವಿಲ್ಲ. ಆದರೆ ರೋಗ ಎಲ್ಲಿಂದ ಬಂತೋ ಅಲ್ಲಿ ಅದನ್ನು ತಡೆಯಬಹುದಿತ್ತು.

ಬೆಟ್ಟದ ಬುಡದಲ್ಲಿ ತಬೇಲಾಗಳಿದ್ದವು, ಹಾಲಿಗಾಗಿ ಎಮ್ಮೆ ಸಾಕುವ ದೊಡ್ಡ ಕೊಟ್ಟಿಗೆಗಳು. ಹಾಲು ಬತ್ತಿದ ಎಮ್ಮೆಗಳನ್ನೂ ಕರುಗಳನ್ನೂ ಮಳೆಗಾಲದಲ್ಲಿ ಅದೇ ಹಳ್ಳದ ಕಡೆ ಮೇಯಲು ಬಿಡುತ್ತಿದ್ದರು. ನಾನೂ ಅಧಿಕಾರಿಯೂ ಹೋಗಿ ಕೇಳಿದಾಗ ತಬೇಲಾದವರು ಒಂದೇ ಮಾತು ಹೇಳಿದರು: ನಮ್ಮಲ್ಲಿ ಯಾವ ಕಾಯಿಲೆಯೂ ಇಲ್ಲ. ಖಾಕಿ ಬಟ್ಟೆ ನೋಡಿದ ಮೇಲಂತೂ ಗೇಟಿನಿಂದ ಒಳಗೇ ಬಿಡಲಿಲ್ಲ.

ಆ ಸಂಜೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಪ್ರತಿ ಸಲವೂ ಅಲ್ಲೇ ಹೋಗುತ್ತಿದ್ದರಿಂದ ಮಾಲೀಕರ ಪರಿಚಯವಾಗಿತ್ತು. ಕುಂದಾಪುರದ ಕಡೆಯವರು, ನನಗೆ ಕನ್ನಡ ಬರುತ್ತದೆಂದು ತಿಳಿದ ದಿನದಿಂದ ಗಲ್ಲಾ ಬಿಟ್ಟು ಬಂದು ಎರಡು ಮಾತಾಡಿಯೇ ಹೋಗುವರು. ನನ್ನ ಮುಖ ನೋಡಿ ಎಂತದು ಸಮಾಚಾರ ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಆ ತಬೇಲಾಗಳಿಂದಲೇ ತಮಗೆ ಹಾಲು ಬರುವುದು, ಅವರ ಹಿರಿಯನನ್ನು ಇಲ್ಲಿಗೇ ಕರೆಸುತ್ತೇನೆ, ಆದರೆ ಸಾಹೇಬರು ಬರುವುದು ಬೇಡ ಎಂದರು. ಅಧಿಕಾರಿಗೆ ಅದನ್ನು ಮರಾಠಿಯಲ್ಲಿ ಹೇಳಿದಾಗ ಅವರು ಮೊದಲ ಬಾರಿಗೆ ನಕ್ಕರು.

ತಬೇಲಾದ ಹಿರಿಯರು ಉತ್ತರ ಪ್ರದೇಶದ ಜೌನ್‌ಪುರದಿಂದ ಬಂದು ಇಲ್ಲೇ ಮುದುಕರಾದವರು. ಎರಡು ದಿನ ಬಿಟ್ಟು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿಗೆ ಹೋಟೆಲಿಗೆ ಬಂದರು. ನಾನು ಕಡವೆಗಳ ಮಾತನ್ನೇ ಎತ್ತಲಿಲ್ಲ. ಎಮ್ಮೆಗೆ ಈ ರೋಗ ಬಂದರೆ ಹೇಗಿರುತ್ತದೆ ಎಂದು ಮಾತ್ರ ಹೇಳಿದೆ: ಮೈ ಸುಡುವ ಜ್ವರ, ಊದಿದ ಗಂಟಲು, ಗೊರಗೊರ ಉಸಿರು. ಅವರು ತಲೆ ತಗ್ಗಿಸಿ ಬಸಿಯಲ್ಲಿದ್ದ ಚಹಾವನ್ನು ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಮೇರೇ ಭೀ ಪಾಡೇ ಗಯೇ, ಬೇಟಿ" ಎಂದರು. ತನ್ನ ಎಮ್ಮೆಕರುಗಳೂ ಸತ್ತವು ಎಂದು. ಸುದ್ದಿ ಹೊರಬಿದ್ದರೆ ಹಾಲು ಕೊಳ್ಳುವವರು ಬಿಟ್ಟುಬಿಡುತ್ತಾರೆ ಎಂಬ ಹೆದರಿಕೆಗೆ ಯಾರಿಗೂ ಹೇಳದೆ ಹೂಳಿಸಿದ್ದರಂತೆ. ಹೇಳುತ್ತಿದ್ದಂತೆ ಅವರ ಕಣ್ಣಲ್ಲಿ ನೀರು ಬಂತು. ಅವರು ಬಚ್ಚಿಟ್ಟಿದ್ದಕ್ಕೆ ಬರುವ ದಾರಿಯಲ್ಲಿ ನನಗೆ ಇದ್ದ ಕೋಪ ಅಷ್ಟು ಹೊತ್ತಿಗೆ ಎಲ್ಲಿ ಹೋಯಿತೋ.

ಮುಂದಿನ ಮಳೆಗೆ ಮೊದಲೇ ಎಲ್ಲ ಎಮ್ಮೆಗಳಿಗೂ ಲಸಿಕೆ ಹಾಕಿಸಿ, ಮಳೆಗಾಲದಲ್ಲಿ ಹಳ್ಳದ ಕಡೆ ಬಿಡಬೇಡಿ ಎಂದೆ. ಸೂಜಿ ಹಾಕಿದರೆ ಹಾಲು ಕಡಿಮೆಯಾಗುವುದಿಲ್ಲವೇ ಎಂದು ಕೇಳಿದರು. ಸ್ವಲ್ಪ ಕಡಿಮೆಯಾಗುತ್ತದೆ, ಮತ್ತೆ ಸರಿಹೋಗುತ್ತದೆ ಎಂದು ಇದ್ದದ್ದನ್ನೇ ಹೇಳಿದೆ. ಅವರು ಅನುಮಾನದಿಂದ ಹೋಟೆಲಿನವರ ಮುಖ ನೋಡಿದರು. ಹೋಟೆಲಿನವರು ಹಿಂದಿಯಲ್ಲಿ ಏನೋ ಹೇಳಿ ಸಮಾಧಾನ ಮಾಡಿ, ನನ್ನ ಕಡೆ ತಿರುಗಿ, "ಹಾಲು ಕಮ್ಮಿ ಬಂದ ದಿವ್ಸ ನಾನು ಕಷಾಯ ಮಾರ್ತೆ ಮಾರಾಯ್ರೆ. ನೀವು ಸೂಜಿ ತರುದು ನೋಡಿ" ಎಂದರು.

ಲಸಿಕೆಗೆ ಮುಖ್ಯಸ್ಥರೇ ಕಚೇರಿಯಿಂದ ಕಚೇರಿಗೆ ಅಲೆದರು. ಆ ಚಳಿಗಾಲವೆಲ್ಲ ತಬೇಲಾದವರನ್ನು ಒಪ್ಪಿಸಲು ನಾನು ಲೆಕ್ಕವಿಲ್ಲದಷ್ಟು ಸಲ ಭಾಂಡುಪ್‌ಗೆ ಹೋದೆ. ಬೇಸಿಗೆಯಲ್ಲಿ, ನೆಲ ಕಾದ ಹಂಚಿನಂತಿದ್ದಾಗ, ತಬೇಲಾದಿಂದ ತಬೇಲಾಕ್ಕೆ ಹೋಗಿ ಸೂಜಿ ಹಾಕಿದೆವು. ಎಮ್ಮೆಯೊಂದು ಒದ್ದು ನನ್ನ ಮೊಣಕಾಲು ಕಂದುಗಟ್ಟಿತು. ತಬೇಲಾದ ಹಿರಿಯರು ಖುದ್ದಾಗಿ ಹಗ್ಗ ಹಿಡಿದು ನಿಲ್ಲುತ್ತಿದ್ದರು, ಒಪ್ಪದವರ ಜೊತೆ ಅವರೇ ಜಗಳವಾಡುತ್ತಿದ್ದರು. ಅಧಿಕಾರಿ ಖಾಕಿ ಬಿಟ್ಟು ಬಿಳಿ ಅಂಗಿಯಲ್ಲಿ ಬಂದು ಲಸಿಕೆ ಇಟ್ಟ ಮಂಜುಗಡ್ಡೆಯ ಡಬ್ಬಿ ಹೊರುತ್ತಿದ್ದರು.

ಮತ್ತೆ ಮಳೆ ಬಂತು. ಮೊದಲ ವಾರಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಒಂದು ಕಡವೆ ಸತ್ತಿತು. ಓಡಿಹೋಗಿ ನೋಡಿದರೆ ಮೈಮೇಲೆ ನಾಯಿಗಳು ಕಚ್ಚಿದ ಗಾಯ; ಮಜ್ಜೆಯಲ್ಲಿ ರೋಗಾಣು ಇರಲಿಲ್ಲ. ಸಾವು ಸಾವೇ, ಆದರೂ ನಾನೂ ಅಧಿಕಾರಿಯೂ ಆ ದಿನ ನಗುಮುಖದಿಂದ ಕೈ ಕುಲುಕಿದೆವು. ಮಳೆ ಮುಗಿಯುವವರೆಗೂ ಹಳ್ಳದ ದಂಡೆ ಖಾಲಿಯಾಗಿಯೇ ಇತ್ತು.

ಡಿಸೆಂಬರಿನ ಒಂದು ಭಾನುವಾರ ಅತ್ತೆ, ತಾವೂ ಆ ಪ್ರಾಣಿಯನ್ನು ನೋಡಬೇಕು ಎಂದರು. ಸೀರೆಯ ಮೇಲೆ ಸ್ವೆಟರ್ ಹಾಕಿ, ಕಾಲಿಗೆ ನನ್ನ ಕ್ಯಾನ್ವಾಸ್ ಶೂ ತೊಟ್ಟು, ಲೋಕಲ್‌ನಲ್ಲಿ ನನ್ನ ಭುಜ ಹಿಡಿದು ನಿಂತು ಬಂದರು. ಅಧಿಕಾರಿ ನಮ್ಮನ್ನು ಹಳ್ಳದ ಆಚೆ ದಿಣ್ಣೆಯ ಮೇಲೆ ಕೂರಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಪೊದೆ ಸರಿದು ಹೆಣ್ಣು ಕಡವೆಯೊಂದು ಹೊರಬಂತು. ಹಿಂದೆ ಮರಿ. ಆಮೇಲೆ ಇನ್ನೂ ಕೆಲವು. ಅವು ಕಿವಿ ಅಲ್ಲಾಡಿಸುತ್ತ ನೀರಿಗೆ ತಲೆ ಬಗ್ಗಿಸಿದವು.

"ಇಷ್ಟು ದೊಡ್ಡದಾ?" ಅತ್ತೆ ಪಿಸುಗುಟ್ಟಿದರು. "ನಾನು ಮೇಕೆಯಷ್ಟಿರುತ್ತೆ ಅಂದ್ಕೊಂಡಿದ್ದೆ ಕಣಮ್ಮ."

ಕತ್ತಲಾಗುತ್ತಿದೆ, ಏಳಿ ಎಂದರೂ ಅವರು ಏಳಲಿಲ್ಲ. ಮರಿ ನೀರಿಗಿಳಿಯಲು ಹೆದರಿ ಒಂದು ಕಾಲು ಮುಂದಿಟ್ಟು ಹಿಂದೆಳೆದುಕೊಳ್ಳುತ್ತಿತ್ತು. ಅದು ನೀರು ಕುಡಿಯಲಿ, ಆಮೇಲೆ ಹೋಗೋಣ ಎಂದು ನನ್ನ ಕೈ ಹಿಡಿದು ಕೂರಿಸಿದರು.