‘ರೀ’ ಎಂದ ದೆವ್ವ

ಹಿಟ್ಟಿನ ಗಿರಣಿಯವನ ಹೆಂಡತಿಯನ್ನು ಬೀದಿಯವರೆಲ್ಲ ಕಿರುಚಮ್ಮ ಎನ್ನುತ್ತಿದ್ದರು. ಜಗಳಗಂಟಿ ಅಂತಲ್ಲ ಸ್ವಾಮಿ, ಅದು ಆಕೆಯ ಕಸುಬು. ಸಣ್ಣಪುಟ್ಟ ಸಿನಿಮಾಗಳಲ್ಲಿ ನಾಯಕಿ ದೆವ್ವ ಕಂಡು ಬಾಯಿ ತೆರೆದರೆ, ಡಬ್ಬಿಂಗ್ ಕೋಣೆಯಲ್ಲಿ ನಿಂತು ಕಿರುಚುತ್ತಿದ್ದವಳು ಈಕೆ. ನಾಯಕಿಯ ಮಾತಿಗೆ ಬೇರೆಯವರ ದನಿ. ಚೀರಾಟ, ಬಿಕ್ಕುವುದು, ಏದುಸಿರು ಇಷ್ಟು ಮಾತ್ರ ಈಕೆಯ ಪಾಲು. ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡರೂ ತೆರೆಯ ಮೇಲೆ ಒಂದು ಮಾತು ಆಡುವ ಯೋಗ ಬಂದಿರಲಿಲ್ಲ.

ಅದರ ಸೇಡನ್ನೆಲ್ಲ ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದಳು. ಅರಳು ಹುರಿದಂತೆ ಮಾತು! ಗಿರಣಿಯವನಿಗೋ ದಿನವಿಡೀ ಯಂತ್ರದ ಗಡಗಡ ಕೇಳಿ ತಲೆ ಚಿಟ್ಟು ಹಿಡಿದಿರುತ್ತಿತ್ತು. ಸಂಜೆ ಅಡಿಯಿಂದ ಮುಡಿಯವರೆಗೆ ಹಿಟ್ಟು ಮೆತ್ತಿಕೊಂಡು ಬಂದವನು ಒಳಗೆ ಕಾಲಿಡುವ ಮೊದಲೇ ಆಕೆ ಶುರು. “ಸ್ವಲ್ಪ ಸುಮ್ನಿರೇ, ಕೈ ಮುಗೀತೀನಿ” ಎನ್ನುತ್ತಿದ್ದ ಇವನು. ಆಕೆ ಸುಮ್ಮನಾಗುತ್ತಿರಲಿಲ್ಲ, ಆ ಮಾತು ಬೇರೆ.

ಕಳೆದ ವರ್ಷ ಆಕೆಗೊಂದು ಚಳಿಗಾಲದ ದೆವ್ವದ ಸಿನಿಮಾ ಸಿಕ್ಕಿತು. ನಗಿಸುವ ದೆವ್ವ. ಬಂಡವಾಳ ಎಷ್ಟೆಂದರೆ, ಹಿಮ ಅಂತ ಸುರಿದದ್ದು ಉಪ್ಪು ಮತ್ತು ಥರ್ಮಾಕೋಲ್ ಚೂರು. ಚಳಿಗೆ ಬಾಯಿಂದ ಬರುವ ಹಬೆ ಬೇಕೆಂದು ನಟರೆಲ್ಲ ಸಿಗರೇಟು ಎಳೆದು ಬಂದು ಮಾತಾಡಿದ್ದರು. ಕಥೆಯಲ್ಲಿ ಒಂದು ಹಳೆಯ ಲಾಡ್ಜು, ಅಲ್ಲೊಂದು ಮುದುಕಿ ದೆವ್ವ. ಪಾಪ, ಆ ದೆವ್ವಕ್ಕೇ ಚಳಿ ತಡೆಯದು. ಹೆದರಿಸಲು ಬಂದಾಗೆಲ್ಲ ಹಲ್ಲು ಕಟಕಟ ಎನ್ನುತ್ತದೆ, ಅತಿಥಿಗಳ ಕಂಬಳಿಯನ್ನೇ ಕಿತ್ತುಕೊಂಡು ಓಡುತ್ತದೆ.

ಮುದುಕಿಗೆ ಇದ್ದದ್ದು ಒಂದೇ ಮಾತು. ನಾಯಕ ಬಾಗಿಲು ಒದ್ದು ಒಳಗೆ ಬಂದಾಗ, “ಯಾರೋ ಅದು? ಜೀವಂತ ಹೋಗಲ್ಲ ನೀನು!” ಎಂದು ಅಬ್ಬರಿಸಬೇಕು. ಇನ್ನೊಬ್ಬರನ್ನು ಕರೆಸುವುದೇಕೆ ಎಂದು ನಿರ್ದೇಶಕ ಅದನ್ನೂ ಕಿರುಚಮ್ಮನಿಗೇ ಕೊಟ್ಟ. ಬೆಳಗಿನಿಂದ ಕಿರುಚಿ ಆಕೆಗೆ ತಲೆ ಗಿರ್ರೆನ್ನುತ್ತಿತ್ತು. ತೆರೆಯ ಮೇಲೆ ಬಾಗಿಲು ದಡಾರನೆ ತೆರೆಯಿತು. ತಲೆ, ಮೀಸೆ, ಅಂಗಿ ಎಲ್ಲ ಬೆಳ್ಳಗಾದ ಗಂಡಸೊಬ್ಬ ಒಳಗೆ ಬಂದ. ಬಿಳಿ ಮೆತ್ತಿಕೊಂಡು ಮನೆಗೆ ಬರುವವನು ಆಕೆಗೆ ಗೊತ್ತಿದ್ದದ್ದು ಒಬ್ಬನೇ. ಮಾತು ತಾನಾಗಿ ಬಾಯಿಂದ ಬಂದುಬಿಟ್ಟಿತು: “ರೀ, ಬಂದ್ರಾ? ಬಾಗಿಲು ಹಾಕ್ಕೊಳ್ಳಿ, ಚಳಿ. ಕೈಕಾಲು ತೊಳ್ಕೊಂಡು ಬನ್ನಿ, ಬಿಸಿಬಿಸಿ ಬಡಿಸ್ತೀನಿ.”

ಆಕೆ ನಾಲಿಗೆ ಕಚ್ಚಿಕೊಂಡಳು. ನಿರ್ದೇಶಕ ಮಾತ್ರ ಕುರ್ಚಿಯಿಂದ ಬೀಳುವಷ್ಟು ನಕ್ಕ. “ಇದೇ ಇರ್ಲಿ ಅಕ್ಕಾ! ದೆವ್ವ ‘ರೀ’ ಅನ್ನೋದನ್ನ ಯಾರಾದ್ರೂ ಕೇಳಿದಾರಾ?” ಎಂದ.

ಮನೆಗೆ ಬಂದು ಇದನ್ನು ಹತ್ತು ಸಲ ಹೇಳಿದಳು. ಗಿರಣಿಯವನು ಅರ್ಧ ಕಿವಿಯಲ್ಲಿ ಕೇಳಿದ.

ಆಗಲೇ ದನಿ ಒಡೆದಿತ್ತು. ಕಿರುಚಿ ಕಿರುಚಿ ಹೀಗಾಗಿದೆ, ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತದೆ ಅಂದುಕೊಂಡಿದ್ದರು. ಗಂಟಲಲ್ಲಿ ಗಂಟು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಅದೂ ಈ ವಾರವೇ, ಎಂದರು ಡಾಕ್ಟರು. ಆ ವಾರ ಇವನು ಕಾಗದಪತ್ರ ಹಿಡಿದು ಕೊಠಡಿಯಿಂದ ಕೊಠಡಿಗೆ ಓಡಾಡಿದನೇ ಹೊರತು, ಹಾಳಾದವನು, ಒಂದು ಗಳಿಗೆ ಪಕ್ಕದಲ್ಲಿ ಕೂತು ಅವಳ ಮಾತು ಕೇಳಲಿಲ್ಲ. ಆಮೇಲೆ ಕೇಳಲು ಮಾತೇ ಇರಲಿಲ್ಲ. ಕತ್ತಿನಲ್ಲೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಆಕೆ ನಕ್ಕರೂ ಅತ್ತರೂ ಬರುವುದು ಬುಸ್ ಎಂಬ ಗಾಳಿ.

ಮನೆ ಎಷ್ಟು ಮೌನವಾಯಿತೆಂದರೆ, ಗಿರಣಿಯವನಿಗೆ ಸಂಜೆ ಮನೆಗೆ ಬರಲು ಭಯವಾಗತೊಡಗಿತು. ಅವಳ ದನಿ ಎಲ್ಲಾದರೂ ಇದೆಯೇ ಎಂದು ಫೋನು ತಡಕಿದರೆ ಬರೀ ಫೋಟೋಗಳು. ಸ್ಟುಡಿಯೋದವರನ್ನು ಕೇಳಿದರೆ, “ಕೆಲಸ ಮುಗಿದ್ಮೇಲೆ ಎಲ್ಲಾ ಅಳಿಸಿಬಿಡ್ತೀವಿ ಯಜಮಾನ್ರೇ” ಎಂದರು. ಜಗತ್ತಿನಲ್ಲಿ ಅವಳ ಮಾತು ಉಳಿದದ್ದು ಒಂದೇ ಕಡೆ, ಆ ದೆವ್ವದ ಸಿನಿಮಾದಲ್ಲಿ. ಅದನ್ನೊಮ್ಮೆ ಪೂರ್ತಿ ಕೇಳಿಬಿಟ್ಟರೆ ಸಾಕು ಎಂದು ಅವನ ಜೀವ ಒದ್ದಾಡಿತು.

ಸಿನಿಮಾ ಬಿಡುಗಡೆಯಾದ ದಿನ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದರು. ಥಿಯೇಟರು ಕಿಕ್ಕಿರಿದಿತ್ತು. ಥರ್ಮಾಕೋಲ್ ಹಿಮ ನಾಯಕಿಯ ಮೂಗಿಗೆ ಅಂಟಿಕೊಂಡದ್ದಕ್ಕೆ ನಗು, ದೆವ್ವ ಕಂಬಳಿ ಕದ್ದದ್ದಕ್ಕೆ ನಗು. ಗಿರಣಿಯವನೂ ಎಲ್ಲ ಮರೆತು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಕೊನೆಗೆ ಆ ಬಾಗಿಲು ತೆರೆಯಿತು. ಇವನು ಉಸಿರು ಹಿಡಿದು ಕೂತ.

“ರೀ…”

ಅಷ್ಟೇ! ಚಾವಣಿ ಹಾರಿಹೋಗುವಂಥ ನಗು. ಶಿಳ್ಳೆ, ಚಪ್ಪಾಳೆ. ಎಲ್ಲ ತಣ್ಣಗಾಗುವಷ್ಟರಲ್ಲಿ ಮಾತು ಮುಗಿದು ನಾಯಕ ಮೂರ್ಛೆ ಹೋಗಿದ್ದ. ಗಿರಣಿಯವನಿಗೆ ಅಳು ಬಂತು. ಪಕ್ಕದಲ್ಲಿ ನೋಡಿದರೆ, ಕಿರುಚಮ್ಮನ ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ನೋಡ್ರೀ, ನನ್ನ ಮಾತಿಗೆ ಎಷ್ಟು ಜನ ನಗ್ತಿದಾರೆ ಎಂಬಂತೆ ಅವನ ತೊಡೆ ತಿವಿದಳು. ಅಷ್ಟು ಖುಷಿಯಾಗಿ ಅವಳನ್ನು ಅವನು ಆಸ್ಪತ್ರೆಯ ನಂತರ ಕಂಡಿರಲಿಲ್ಲ.

ಅಂದಿನಿಂದ ದಿನಾ ಗಿರಣಿಯನ್ನು ತಮ್ಮನಿಗೆ ಬಿಟ್ಟು ಥಿಯೇಟರಿಗೆ ಓಡಿದ. ದಿನಾ ಅದೇ ಕಥೆ. ಒಂದು ದಿನ ತಾಳಲಾರದೆ ಪಕ್ಕದವನಿಗೆ, “ಇಲ್ಲಿ ಒಂದ್ನಿಮಿಷ ನಗಬೇಡಿ ಸಾರ್” ಎಂದ.

“ನಗೋ ಸಿನಿಮಾ ಅಲ್ವೇನ್ರೀ ಇದು? ಅಳೋಕ್ಕೆ ಬಂದಿದೀರಾ?”

“ಹೂಂ” ಎಂದುಬಿಟ್ಟ ಇವನು.

ಸಂಜೆ ಕಿರುಚಮ್ಮ ಬಾಗಿಲಲ್ಲೇ ಕಾದಿರುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ತೋರಿಸಿ ಹುಬ್ಬು ಹಾರಿಸುತ್ತಿದ್ದಳು: ನಕ್ಕರಾ? “ನಕ್ಕರು ಕಣೇ, ಇವರ ಬಾಯಿಗೆ ಬೀಗ ಹಾಕ” ಎಂದು ಇವನು ಬೈದರೆ ಅವಳ ಮುಖ ಅರಳುತ್ತಿತ್ತು. ಅವಳಿಗೆ ಎರಡು ತುತ್ತು ಹೆಚ್ಚು ಇಳಿಯುತ್ತಿತ್ತು.

ಮೂರನೆಯ ವಾರಕ್ಕೆ ಜನ ಕರಗಿದರು. ಗುರುವಾರ ಹೋದಾಗ ಗೇಟಿನವನು, “ಇದೇ ಕೊನೇ ಆಟ ಯಜಮಾನ್ರೇ, ನಾಳೆಯಿಂದ ಬೇರೆ ಸಿನಿಮಾ” ಎಂದ. ಒಳಗಿದ್ದವರು ನಾಲ್ಕು ಮಂದಿ. ಅವರಲ್ಲೊಬ್ಬ ನಿದ್ದೆ ಹೊಡೆಯುತ್ತಿದ್ದ. ಕಂಬಳಿ ಕದ್ದರೂ ನಗುವಿಲ್ಲ, ಹಲ್ಲು ಕಟಕಟ ಎಂದರೂ ನಗುವಿಲ್ಲ. ಬಾಗಿಲು ತೆರೆಯಿತು.

“ರೀ, ಬಂದ್ರಾ? ಬಾಗಿಲು ಹಾಕ್ಕೊಳ್ಳಿ, ಚಳಿ. ಕೈಕಾಲು ತೊಳ್ಕೊಂಡು ಬನ್ನಿ, ಬಿಸಿಬಿಸಿ ಬಡಿಸ್ತೀನಿ.”

ಒಂದಕ್ಷರ ಬಿಡದೆ ಕೇಳಿಸಿತು. ಒಡೆದ ದನಿ, ಆದರೂ ಅವಳದೇ. “ಬಂದೆ ಕಣೇ” ಎಂದು ಗಿರಣಿಯವನು ಜೋರಾಗಿಯೇ ಅಂದುಬಿಟ್ಟ. ಮುಂದಿದ್ದವರು ತಿರುಗಿ ನೋಡಿದರು. ನೋಡಲಿ ಬಿಡಿ. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಸಿನಿಮಾ ಮುಗಿಯುವವರೆಗೂ ಅತ್ತ.

ಹೇಳಬೇಕು, ಹೋದ ತಕ್ಷಣ ಹೇಳಬೇಕು, ಪೂರ್ತಿ ಕೇಳಿಸ್ತು ಕಣೇ ಅಂತ, ಎಂದುಕೊಳ್ಳುತ್ತಲೇ ಮನೆ ಮುಟ್ಟಿದ. ಕಿರುಚಮ್ಮ ಬಾಗಿಲಲ್ಲಿದ್ದಳು. ಕತ್ತಿನ ಬಟ್ಟೆ ಸರಿಮಾಡಿಕೊಂಡು, ಹೊಟ್ಟೆ ಹಿಡಿದು ತೋರಿಸಿ ಹುಬ್ಬು ಹಾರಿಸಿದಳು. ಕೇಳಿಸಿತು ಎಂದರೆ ಯಾರೂ ನಗಲಿಲ್ಲ ಎಂದೇ ಅರ್ಥ. ಅಷ್ಟು ತಿಳಿಯದ ಹೆಂಗಸಲ್ಲ ಅವಳು.

“ಅಯ್ಯೋ, ಕಾಲಿಡೋಕೆ ಜಾಗ ಇರ್ಲಿಲ್ಲ” ಎಂದ. “ನೀನು ‘ರೀ’ ಅಂದಿದ್ದೇ ತಡ, ಬಿದ್ದು ಬಿದ್ದು ನಕ್ಕರು ದರಿದ್ರದವರು. ಇವತ್ತೂ ಏನೂ ಕೇಳಿಸ್ಲಿಲ್ಲ ಕಣೇ.”

ಅವಳ ಮುಖ ಅರಳಿತು. ಮರುಗಳಿಗೆಯೇ ಗಂಡನನ್ನು ಕಂಡು ಅಯ್ಯೋ ಪಾಪ ಅನಿಸಿರಬೇಕು. ಅವನ ಕೆನ್ನೆ ತಟ್ಟಿ, ತನ್ನೆದೆಗೊಮ್ಮೆ ಅವನೆದೆಗೊಮ್ಮೆ ಬೆರಳು ತೋರಿಸಿ, ಬೀದಿಯ ಕಡೆ ಕೈ ಮಾಡಿದಳು: ನಾಳೆ ಇಬ್ಬರೂ ಹೋಗೋಣ.

“ಹೂಂ, ಹೋಗೋಣ” ಎಂದ ಗಿರಣಿಯವನು.