ರುದ್ರಮ್ಮನಿಗೆ ಸಿಗದ ಪೆನ್ನು

ಕಂಪ್ಯೂಟರಿನ ಪರದೆಯ ಮೇಲೆ ‘ಹಸಿರು’ ಎಂಬ ಪದ ಕೆಂಪು ಅಕ್ಷರಗಳಲ್ಲಿ ಮೂಡಿತು. ಪದ ಓದದೆ ಅಕ್ಷರದ ಬಣ್ಣವನ್ನಷ್ಟೇ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ‘ಹಸಿರು’! ಎಂಬತ್ತರ ದಶಕದ ಕೊನೆಯಲ್ಲಿ, ಗಮನಶಕ್ತಿ ಅಳೆಯಲು ತರೀಕೆರೆಯ ನಮ್ಮ ಶಾಲೆಗೆ ಕಂಪ್ಯೂಟರ್ ಸಮೇತ ಬಂದಿದ್ದ ಸಂಶೋಧಕನೊಬ್ಬ ಮೇಷ್ಟ್ರುಗಳಾದ ನಮ್ಮನ್ನೆಲ್ಲ ಹೀಗೆ ತಡವರಿಸುವಂತೆ ಮಾಡಿದ. ಅತಿ ಕಡಿಮೆ ತಪ್ಪು ಮಾಡಿದವರಿಗೆ ಇಂಕ್ ಪೆನ್ನು ಬಹುಮಾನ.

ಟೀ ತಂದ ಆಯಾ ರುದ್ರಮ್ಮನನ್ನೂ ತಮಾಷೆಗೆಂದು ಕೂರಿಸಿದೆವು. ಅವರು ಒಂದೂ ತಪ್ಪಿಲ್ಲದೆ ಪಟಪಟನೆ ಎಲ್ಲ ಬಣ್ಣ ಹೇಳಿ ಮುಗಿಸಿದರು.

“ಓದೋಕೆ ಬಂದ್ರೆ ತಾನೇ ಗೊಂದಲ ಆಗೋದು? ಇದು ಲೆಕ್ಕಕ್ಕಿಲ್ಲ,” ಎಂದು ಸಂಶೋಧಕ ಅವರ ಫಲಿತಾಂಶವನ್ನೇ ಅಳಿಸಿಹಾಕಿದ. “ಪೆನ್ನು ತಗೊಂಡು ನೀನೇನ್ ಮಾಡ್ತೀಯಮ್ಮ?” ಎಂದು ನಕ್ಕ. ನಾವೂ ನಕ್ಕೆವು.

“ಬಣ್ಣ ಕೇಳಿದ್ರಿ, ಬಣ್ಣ ಹೇಳ್ದೆ ಸ್ವಾಮಿ. ಪೆನ್ನು ಶಾಲೆಗೋಗೋ ನನ್ ಮಗ್ಳಿಗಾಗ್ತಿತ್ತು,” ಎಂದ ರುದ್ರಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಹೊರಟುಹೋದರು.

ಎರಡು ತಪ್ಪು ಮಾಡಿದ್ದ ನನಗೆ ಬಹುಮಾನ ಬಂತು. ಆ ಮನುಷ್ಯನ ನಗು ನೆನಪಾದರೆ ಇಂದಿಗೂ ಮೈ ಉರಿಯುತ್ತದೆ. ಆದರೆ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮನೆಗೆ ಹೋದವನು ನಾನು.